ಪೋಡಿಯಾಟ್ರಿ ಶಾಲೆ ಆರಿಸುವ ಮುನ್ನ: ಯಾವ ಅಂಕಿ ನೋಡಬೇಕು, ಯಾರನ್ನು ಏನು ಕೇಳಬೇಕು

ಪಾದ ಮತ್ತು ಕಣಕಾಲಿನ ಚಿಕಿತ್ಸೆ ಕಲಿಸುವ ಪೋಡಿಯಾಟ್ರಿ ಶಾಲೆಯ ಸೀಟು ಅಮೆರಿಕದಲ್ಲಿ ಸಿಗುವುದು ಈಗ ಅಷ್ಟೇನೂ ಕಷ್ಟವಲ್ಲ. ಅರ್ಜಿ ಹಾಕುವವರು ಕಡಿಮೆಯಾಗಿದ್ದಾರೆ, ಹಲವು ಶಾಲೆಗಳಲ್ಲಿ ಸೀಟುಗಳು ಖಾಲಿ ಉಳಿದಿವೆ. ಕಷ್ಟವಿರುವುದು ಸೇರಿದ ಮೇಲೆ. ನಾಲ್ಕು ವರ್ಷ ಓದಿ, ರಾಷ್ಟ್ರಮಟ್ಟದ ಪರೀಕ್ಷೆ ಪಾಸು ಮಾಡಿ, ಒಳ್ಳೆಯ ಆಸ್ಪತ್ರೆಯಲ್ಲಿ ಮೂರು ವರ್ಷದ ರೆಸಿಡೆನ್ಸಿ (ಪದವಿಯ ನಂತರದ ಆಸ್ಪತ್ರೆ ತರಬೇತಿ) ಹಿಡಿಯುವವರೆಗೆ ದಾರಿ ಬಿಗಿಯಾಗಿದೆ. ಆ ದಾರಿಯ ನಡುವೆ ಬಿಟ್ಟುಹೋದವರ ಕೈಯಲ್ಲಿ ಉಳಿಯುವುದು ಸಾಲ ಮಾತ್ರ. ಪದವಿಯಿಲ್ಲ, ಬೇರೆ ವೈದ್ಯಕೀಯ ಶಾಲೆಗೆ ಆ ಓದನ್ನು ವರ್ಗಾಯಿಸುವ ಅವಕಾಶವೂ ಇಲ್ಲವೆನ್ನುವಷ್ಟು ಕಡಿಮೆ.

ಅದಕ್ಕೇ ಈ ಲೇಖನ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳು ಒಬ್ಬೊಬ್ಬರಾಗಿ ಈ ಕಡೆ ತಿರುಗುತ್ತಿದ್ದಾರೆ. ಕೆಲವರು ಎಂಡಿ (ನಮ್ಮ ಎಂಬಿಬಿಎಸ್‌ನಂತೆ ಅಲ್ಲಿನ ಮೂಲ ವೈದ್ಯ ಪದವಿ) ಸೀಟು ಸಿಗದೆ ಬರುತ್ತಾರೆ, ಕೆಲವರು ಅಜ್ಜನ ಸಕ್ಕರೆ ಕಾಯಿಲೆಯ ಕಾಲನ್ನು ಹತ್ತಿರದಿಂದ ನೋಡಿ ಬರುತ್ತಾರೆ. ಯಾವ ಕಾರಣಕ್ಕೇ ಬರಲಿ, ಮನೆಯಲ್ಲಿ ನಡೆಯುವ ಚರ್ಚೆ ಮಾತ್ರ ಒಂದೇ: ಯಾವ ಶಾಲೆಗೆ ಹೆಸರಿದೆ? ನನ್ನ ದೃಷ್ಟಿಯಲ್ಲಿ ಆ ಪ್ರಶ್ನೆಯಿಂದ ಪ್ರಯೋಜನವಿಲ್ಲ. ಎಲ್ಲ ಶಾಲೆಗಳೂ ಕೊಡುವುದು ಡಿಪಿಎಂ (ಡಾಕ್ಟರ್ ಆಫ್ ಪೋಡಿಯಾಟ್ರಿಕ್ ಮೆಡಿಸಿನ್) ಎಂಬ ಒಂದೇ ಪದವಿ, ಎಲ್ಲರೂ ಬರೆಯುವುದು ಒಂದೇ ಪರೀಕ್ಷೆ. ಕೇಳಬೇಕಾದ್ದು ಇದು: ಈ ಶಾಲೆಗೆ ಸೇರಿದ ನೂರು ಮಂದಿಯಲ್ಲಿ ಎಷ್ಟು ಮಂದಿ ನಾಲ್ಕೇ ವರ್ಷದಲ್ಲಿ ಹೊರಬಂದು ರೆಸಿಡೆನ್ಸಿಗೆ ಸೇರಿದರು? ಉಳಿದವರಿಗೆ ಏನಾಯಿತು?

ಮೊದಲ ಹೆಜ್ಜೆ: ಪಟ್ಟಿ ಮುಂದಿಟ್ಟುಕೊಳ್ಳಿ

ಎಂಡಿ ಪದವಿ ಕೊಡುವ ಶಾಲೆಗಳು ಅಮೆರಿಕದಲ್ಲಿ 150ಕ್ಕೂ ಹೆಚ್ಚಿವೆ. ಪೋಡಿಯಾಟ್ರಿಗೆ ಇರುವುದು ಹನ್ನೊಂದೇ. ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆದು ಹೋಲಿಸಲು ಸಾಧ್ಯವಾಗುವುದು ಇದರಿಂದಲೇ.

ಹಳೆಯವು ನ್ಯೂಯಾರ್ಕ್ (1911), ಈಗ ರೊಸಾಲಿಂಡ್ ಫ್ರಾಂಕ್ಲಿನ್ ವಿಶ್ವವಿದ್ಯಾಲಯದ ಭಾಗವಾಗಿರುವ ಶಿಕಾಗೊ ಬಳಿಯ ಶೋಲ್ (1912), ಸ್ಯಾಮ್ಯುಯೆಲ್ ಮೆರಿಟ್ ವಿಶ್ವವಿದ್ಯಾಲಯಕ್ಕೆ ಸೇರಿದ ಕ್ಯಾಲಿಫೋರ್ನಿಯಾ ಶಾಲೆ (1914) ಮತ್ತು ಒಹಾಯೊದ ಕೆಂಟ್ ಸ್ಟೇಟ್ (1916). ಫಿಲಡೆಲ್ಫಿಯಾದ ಶಾಲೆ ಅರವತ್ತರ ದಶಕದಲ್ಲಿ ಹುಟ್ಟಿ 1998ರಲ್ಲಿ ಟೆಂಪಲ್ ವಿಶ್ವವಿದ್ಯಾಲಯದೊಂದಿಗೆ ವಿಲೀನವಾಯಿತು. ಅಯೋವಾದ ಡಿ ಮೊಯಿನ್ ಮತ್ತು ಮಯಾಮಿಯ ಬ್ಯಾರಿ ಎಂಬತ್ತರ ದಶಕದವು. ಅರಿಜೋನಾದ ಮಿಡ್‌ವೆಸ್ಟರ್ನ್ 2004ರಲ್ಲಿ, ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿರುವ ವೆಸ್ಟರ್ನ್ ಯೂನಿವರ್ಸಿಟಿ 2009ರಲ್ಲಿ ಶುರುವಾದವು. ಟೆಕ್ಸಸ್‌ನ ರಿಯೊ ಗ್ರಾಂಡೆ ಕಣಿವೆಯ ಸರ್ಕಾರಿ ವಿಶ್ವವಿದ್ಯಾಲಯ ತನ್ನ ಮೊದಲ ತಂಡವನ್ನು ಸೇರಿಸಿಕೊಂಡಿದ್ದು 2022ರಲ್ಲಿ. ಪೆನ್ಸಿಲ್ವೇನಿಯಾದ ಈರಿ ಊರಿನ ಲೀಕಾಮ್ ಶಾಲೆ ಅದಕ್ಕಿಂತಲೂ ಹೊಸದು.

ಈ ಶಾಲೆಗಳಿಗೆ ಮಾನ್ಯತೆ ಕೊಡುವುದು ಸಿಪಿಎಂಇ ಎಂಬ ಮಂಡಳಿ. ಹೊಸ ಶಾಲೆಗಳ ಮಾನ್ಯತೆ ಹಂತಹಂತವಾಗಿ ಬರುತ್ತದೆ. ಆದ್ದರಿಂದ ಅವುಗಳ ಸ್ಥಿತಿಯನ್ನು ಶಾಲೆಯ ಕರಪತ್ರದಲ್ಲಿ ಓದಿ ಬಿಡಬೇಡಿ, ಮಂಡಳಿಯ ಪಟ್ಟಿಯಲ್ಲೇ ನೋಡಿ. ಹೊಸ ಶಾಲೆ ಎಂದ ಮಾತ್ರಕ್ಕೆ ದೂರ ಸರಿಯಬೇಕಿಲ್ಲ. ರಿಯೊ ಗ್ರಾಂಡೆ ಕಣಿವೆಯಲ್ಲಿ ಮಧುಮೇಹ ಬಹಳ ಹೆಚ್ಚು, ಕಾಲು ಕತ್ತರಿಸಿಕೊಂಡವರೂ ಹೆಚ್ಚು. ವಿದ್ಯಾರ್ಥಿಗೆ ಅಲ್ಲಿ ಕಲಿಯಲು ರೋಗಿಗಳ ಕೊರತೆಯಿಲ್ಲ. ಆದರೆ ಹೋಲಿಸಲು ಬೇಕಾದ ಹಲವು ವರ್ಷಗಳ ಫಲಿತಾಂಶ ಹೊಸ ಶಾಲೆಗೆ ಇರುವುದಿಲ್ಲ ಎಂಬುದನ್ನು ತಿಳಿದೇ ಸೇರಬೇಕು.

ಎರಡನೆಯ ಹೆಜ್ಜೆ: ಮೂರು ಅಂಕಿಗಳನ್ನು ಒಟ್ಟಿಗೆ ಓದಿ

ಶಾಲೆಗಳು ತಮ್ಮ ಜಾಲತಾಣದಲ್ಲಿ ಮೂರು ಫಲಿತಾಂಶಗಳನ್ನು ಪ್ರಕಟಿಸುತ್ತವೆ. ನಾಲ್ಕು ವರ್ಷದಲ್ಲಿ ಪದವಿ ಮುಗಿಸಿದವರ ಪ್ರಮಾಣ, ಎಪಿಎಂಎಲ್‌ಇ ಎಂಬ ರಾಷ್ಟ್ರೀಯ ಪರೀಕ್ಷೆಯಲ್ಲಿ ತೇರ್ಗಡೆಯಾದವರ ಪ್ರಮಾಣ, ರೆಸಿಡೆನ್ಸಿ ಸಿಕ್ಕವರ ಪ್ರಮಾಣ. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವುದು ಸಾಮಾನ್ಯವಾಗಿ ಮೂರನೆಯದು. ನೂರಕ್ಕೆ ನೂರು, ಇಲ್ಲವೇ ಅದರ ಹತ್ತಿರ. ಈ ಅಂಕಿಯನ್ನು ನಾನು ಕೊನೆಯಲ್ಲಿ ನೋಡುತ್ತೇನೆ. 2013ರ ಆಸುಪಾಸಿನಲ್ಲಿ ಪದವೀಧರರಿಗಿಂತ ರೆಸಿಡೆನ್ಸಿ ಸ್ಥಾನಗಳು ಕಡಿಮೆಯಿದ್ದು, ಓದು ಮುಗಿಸಿದ ಮಕ್ಕಳು ಬೀದಿಯಲ್ಲಿ ನಿಂತಂತಾಗಿತ್ತು. ಆಗ ಆ ಅಂಕಿ ಶಾಲೆಗಳ ನಡುವಿನ ವ್ಯತ್ಯಾಸವನ್ನು ತೋರಿಸುತ್ತಿತ್ತು. ಈಗ ಸ್ಥಾನಗಳು ಸಾಕಷ್ಟಿವೆ. ಪದವಿ ಮುಗಿಸಿದವರಲ್ಲಿ ಬಹುತೇಕ ಎಲ್ಲರಿಗೂ ಎಲ್ಲೋ ಒಂದು ಕಡೆ ಸ್ಥಾನ ಸಿಗುತ್ತದೆ.

ಎಪಿಎಂಎಲ್‌ಇಯ ಮೊದಲ ಭಾಗ ಎರಡನೆಯ ವರ್ಷದ ಕೊನೆಗೆ ಬರುತ್ತದೆ. ಅಂಗರಚನೆ, ಶರೀರಕ್ರಿಯೆ, ಜೀವರಸಾಯನ, ಔಷಧಶಾಸ್ತ್ರ, ರೋಗಾಣುಗಳು, ರೋಗವಿಜ್ಞಾನ ಎಲ್ಲವೂ ಅದರಲ್ಲಿವೆ. ಸೊಂಟದಿಂದ ಕೆಳಗಿನ ಅಂಗರಚನೆಗೆ ಮಾತ್ರ ಪ್ರತ್ಯೇಕವಾದ ದೊಡ್ಡ ಪಾಲು. ಎರಡನೆಯ ಭಾಗ ನಾಲ್ಕನೆಯ ವರ್ಷದಲ್ಲಿ. ಈ ಎರಡೂ ಆಗದೆ ರೆಸಿಡೆನ್ಸಿಗೆ ಕಾಲಿಡುವಂತಿಲ್ಲ. ಆದ್ದರಿಂದ ಮೊದಲ ಭಾಗವನ್ನು ಮೊದಲ ಯತ್ನದಲ್ಲೇ ಪಾಸು ಮಾಡಿದವರ ಪ್ರಮಾಣ ಬಹಳ ಮುಖ್ಯ. ಆದರೆ ಅದನ್ನೊಂದೇ ನೋಡಿದರೆ ಮೋಸಹೋಗುತ್ತೀರಿ. ಹೇಗೆಂದು ಲೆಕ್ಕ ಹಾಕಿ ತೋರಿಸುತ್ತೇನೆ. ಕೆಳಗಿನ ಸಂಖ್ಯೆಗಳು ಯಾವ ಶಾಲೆಯವೂ ಅಲ್ಲ, ವಿವರಿಸಲು ನಾನೇ ಇಟ್ಟುಕೊಂಡವು.

ಒಂದು ಶಾಲೆಗೆ 80 ಮಂದಿ ಸೇರಿದರು ಎನ್ನಿ. ಎರಡು ವರ್ಷದಲ್ಲಿ 18 ಮಂದಿ ಬಿಟ್ಟುಹೋದರು ಅಥವಾ ಹಿಂದೆ ಉಳಿದರು. ಪರೀಕ್ಷೆಗೆ ಕುಳಿತವರು 62, ಪಾಸಾದವರು 58. ಶಾಲೆ ಹಾಕಿಕೊಳ್ಳುವ ಅಂಕಿ ಶೇ 94ರ ಹತ್ತಿರ. ಇನ್ನೊಂದು ಶಾಲೆಗೆ ಸೇರಿದವರು 50, ಪರೀಕ್ಷೆಗೆ ಕುಳಿತವರು 47, ಪಾಸಾದವರು 41. ಅಂಕಿ ಶೇ 87. ಮೇಲುನೋಟಕ್ಕೆ ಮೊದಲನೆಯದೇ ಉತ್ತಮ. ಈಗ ಸೇರಿದವರ ಸಂಖ್ಯೆಯಿಂದ ಭಾಗಿಸಿ. ಮೊದಲ ಶಾಲೆಯಲ್ಲಿ 80ಕ್ಕೆ 58, ಅಂದರೆ ಶೇ 73 ಕೂಡ ಇಲ್ಲ. ಎರಡನೆಯದರಲ್ಲಿ 50ಕ್ಕೆ 41, ಶೇ 82. ಮಗನೋ ಮಗಳೋ ಸೇರುವಾಗ ನಿಲ್ಲುವುದು ಆ 80ರ ಸಾಲಿನಲ್ಲಿ. 62ರ ಸಾಲಿಗೆ ಬರುತ್ತಾರೋ ಇಲ್ಲವೋ ಯಾರಿಗೂ ಗೊತ್ತಿರುವುದಿಲ್ಲ.

ಆದ್ದರಿಂದ ಹೀಗೆ ಮಾಡಿ. ಪ್ರತಿ ಶಾಲೆಯ ಕನಿಷ್ಠ ಮೂರು ವರ್ಷಗಳ ಅಂಕಿ ತೆಗೆಯಿರಿ. ಇಡೀ ತರಗತಿಯೇ ಚಿಕ್ಕದಾದ್ದರಿಂದ ನಾಲ್ಕೈದು ಮಂದಿ ಎಡವಿದರೂ ಒಂದು ವರ್ಷದ ಅಂಕಿ ಕುಸಿದಂತೆ ಕಾಣುತ್ತದೆ. ನಾಲ್ಕು ವರ್ಷದಲ್ಲಿ ಮುಗಿಸಿದವರ ಪ್ರಮಾಣವನ್ನು ಮೇಲಿಡಿ, ಪರೀಕ್ಷೆಯದನ್ನು ಅದರ ಕೆಳಗೆ. ಮೊದಲನೆಯದು ತೀರಾ ಕಡಿಮೆಯಿದ್ದು ಎರಡನೆಯದು ಮಿನುಗುತ್ತಿದ್ದರೆ ಶಾಲೆಗೆ ನೇರವಾಗಿ ಬರೆದು ಕೇಳಿ: ಕಳೆದ ಮೂರು ತಂಡಗಳಲ್ಲಿ ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಮೊದಲ ಭಾಗಕ್ಕೆ ಕುಳಿತರು, ಪರೀಕ್ಷೆಗೆ ಕೂರಲು ಶಾಲೆಯೇ ಬೇರೆ ಅರ್ಹತಾ ಪರೀಕ್ಷೆ ಇಟ್ಟಿದೆಯೇ? ಅರ್ಹತಾ ಪರೀಕ್ಷೆ ಇಡುವುದು ತಪ್ಪಲ್ಲ. ಅದರಲ್ಲಿ ಸೋತವರಿಗೆ ಏನು ವ್ಯವಸ್ಥೆ ಇದೆ ಎಂಬುದು ಮುಖ್ಯ. ಓದನ್ನು ಐದು ವರ್ಷಕ್ಕೆ ಹಿಗ್ಗಿಸಿ ಕೈಹಿಡಿದು ದಾಟಿಸುವ ಶಾಲೆಗೂ, ಪತ್ರ ಕೊಟ್ಟು ಮನೆಗೆ ಕಳಿಸುವ ಶಾಲೆಗೂ ಅಜಗಜಾಂತರ.

ಸೀಟುಗಳು ಖಾಲಿ ಉಳಿಯುವ ಕಾಲದಲ್ಲಿ ಈ ಪ್ರಶ್ನೆಯ ತೂಕ ಇನ್ನೂ ಹೆಚ್ಚು. ಸೀಟು ತುಂಬಿಸಲು ದುರ್ಬಲ ಅಂಕದ ವಿದ್ಯಾರ್ಥಿಯನ್ನು ಸೇರಿಸಿಕೊಂಡ ಶಾಲೆಗೆ, ಅವನನ್ನು ದಡ ಸೇರಿಸುವ ಹೊಣೆಯೂ ಇದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಮೂರನೆಯ ಹೆಜ್ಜೆ: ಮೊದಲ ಎರಡು ವರ್ಷ ಯಾರ ಜೊತೆ ಓದು?

ಡಿ ಮೊಯಿನ್, ಮಿಡ್‌ವೆಸ್ಟರ್ನ್, ವೆಸ್ಟರ್ನ್ ಯೂನಿವರ್ಸಿಟಿಗಳಲ್ಲಿ ಮೂಲ ವಿಜ್ಞಾನದ ಬಹಳಷ್ಟು ಪಾಠಗಳನ್ನು ಪೋಡಿಯಾಟ್ರಿ ವಿದ್ಯಾರ್ಥಿಗಳು ಡಿಒ (ಎಂಡಿಯಂತೆಯೇ ಪೂರ್ಣ ವೈದ್ಯರಾಗುವ ಆಸ್ಟಿಯೋಪಥಿಕ್ ಪದವಿಯ) ವಿದ್ಯಾರ್ಥಿಗಳ ಜೊತೆ ಒಂದೇ ತರಗತಿಯಲ್ಲಿ ಕೇಳುತ್ತಾರೆ. ಪಾಠದ ಮಟ್ಟ ಎತ್ತರದಲ್ಲಿರುತ್ತದೆ. ಹೃದಯ, ಮೂತ್ರಪಿಂಡ, ಸೋಂಕು ಇವನ್ನೆಲ್ಲ ಇತರ ವೈದ್ಯರಂತೆಯೇ ಕಲಿತು ಬಂದವರಿಗೆ ಮುಂದೆ ಆಸ್ಪತ್ರೆಯಲ್ಲಿ ಯಾರೆದುರೂ ತಗ್ಗುವ ಪ್ರಮೇಯ ಬರುವುದಿಲ್ಲ. ಆದರೆ ವೇಗ ಬಿರುಸು, ಮತ್ತು ಪಾದದ ವಿಷಯ ಅದರ ಮೇಲೆ ಹೆಚ್ಚುವರಿ ಹೊರೆಯಾಗಿ ಬರುತ್ತದೆ. ಪೋಡಿಯಾಟ್ರಿಗೇ ಮೀಸಲಾದ ತರಗತಿಯಿರುವ ಕಡೆ ಮೊದಲ ದಿನದಿಂದಲೇ ಗಮನ ಪಾದದ ಮೇಲೆ. ಪ್ರತಿ ಪಾದದಲ್ಲಿ 26 ಮೂಳೆ, 33 ಕೀಲು. ಅವುಗಳ ನಡಿಗೆಯ ಲೆಕ್ಕಾಚಾರ ತಲೆಗೆ ಹತ್ತಲು ಸಮಯ ಬೇಕೇ ಬೇಕು.

ಎರಡರಲ್ಲಿ ಯಾವುದು ಮೇಲೆಂದು ಹೇಳಲಾಗದು. ಬಿಎಸ್‌ಸಿ ಮಟ್ಟದ ಜೀವವಿಜ್ಞಾನದಲ್ಲಿ ಚೆನ್ನಾಗಿ ಪಳಗಿದವರಿಗೆ ಮೊದಲನೆಯದು ಒಗ್ಗುತ್ತದೆ. ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್‌ನಲ್ಲಿ ಏದುಸಿರು ಬಿಟ್ಟವರು ಎರಡನೆಯದನ್ನು ಗಂಭೀರವಾಗಿ ಯೋಚಿಸಬೇಕು.

ನಾಲ್ಕನೆಯ ಹೆಜ್ಜೆ: ಕ್ಲಿನಿಕ್‌ನಲ್ಲಿ ಅರ್ಧ ದಿನ ನಿಲ್ಲಿ

ಸಂದರ್ಶನಕ್ಕೆ ಕರೆದಾಗ ಶಾಲೆ ನಿಮಗೆ ಗ್ರಂಥಾಲಯ, ಜಿಮ್, ಕಾಫಿ ಅಂಗಡಿ ಎಲ್ಲವನ್ನೂ ತೋರಿಸುತ್ತದೆ. ನೀವು ಕ್ಲಿನಿಕ್ ತೋರಿಸಿ ಎಂದು ಕೇಳಿ. ಅಲ್ಲಿ ಮೂರನೆಯ ವರ್ಷದ ವಿದ್ಯಾರ್ಥಿಯೊಬ್ಬರ ಹಿಂದೆ ಅರ್ಧ ದಿನ ನಿಲ್ಲಲು ಅನುಮತಿ ಬೇಡಿ.

ಏನು ನೋಡಬೇಕು? ಒಂದು ಶಾಲೆಯ ಕ್ಲಿನಿಕ್‌ನಲ್ಲಿ ನಾನು ಕಂಡ ಕೆಲಸವನ್ನು ಹೇಳುತ್ತೇನೆ. ಮಧುಮೇಹವಿದ್ದ ಹಿರಿಯರೊಬ್ಬರು ಬಲಗಾಲಿನ ಅಂಗಾಲು ದಡ್ಡುಗಟ್ಟಿದೆ ಎಂದು ಬಂದಿದ್ದರು. ವಿದ್ಯಾರ್ಥಿನಿ ಮೊದಲು ಎರಡೂ ಕಾಲಿನ ಬೂಟು, ಕಾಲುಚೀಲ ತೆಗೆಸಿದಳು. ನೋವಿರುವುದು ಒಂದೇ ಕಾಲಲ್ಲಾದರೂ ಎರಡನ್ನೂ ನೋಡಬೇಕು. ಬಿಚ್ಚಿದ ಬೂಟನ್ನು ಕೈಗೆತ್ತಿಕೊಂಡು ಒಳಗೆ ಬೆರಳಾಡಿಸಿದಳು. ಕಲ್ಲಿನ ಹರಳಿದೆಯೇ, ಹೊಲಿಗೆ ಎದ್ದಿದೆಯೇ, ಅಡಿಯ ಪದರ ಸವೆದಿದೆಯೇ ಎಂದು. ಸ್ಪರ್ಶ ಸತ್ತ ಕಾಲಿಗೆ ಬೂಟಿನೊಳಗಿನ ಹರಳು ದಿನವಿಡೀ ಚುಚ್ಚಿದರೂ ತಿಳಿಯುವುದಿಲ್ಲ. ಆಮೇಲೆ ಬೆರಳಸಂದಿಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ಪಾದದ ಮೇಲ್ಭಾಗದಲ್ಲಿ, ಕಣಕಾಲಿನ ಒಳಬದಿಯ ಗಂಟಿನ ಹಿಂದೆ ನಾಡಿ ಮಿಡಿತ ಹುಡುಕಿದಳು. ಹಿರಿಯರಿಗೆ ಕಣ್ಣು ಮುಚ್ಚಲು ಹೇಳಿ, 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿನ ಬೇರೆ ಬೇರೆ ಜಾಗಕ್ಕೆ ತಾಗಿಸುತ್ತ, ತಾಗಿದ್ದು ಗೊತ್ತಾಯಿತೇ ಎಂದು ಕೇಳುತ್ತ ಹೋದಳು. ಹೆಬ್ಬೆರಳ ಬುಡದಲ್ಲಿ ಉತ್ತರ ಬರಲಿಲ್ಲ. ದಡ್ಡು ಇದ್ದದ್ದೂ ಅಲ್ಲಿಯೇ.

ಆಗಷ್ಟೇ ಬ್ಲೇಡ್ ಹಿಡಿದಳು. ಗಟ್ಟಿ ಚರ್ಮವನ್ನು ತೆಳುವಾಗಿ, ಪದರಪದರವಾಗಿ ಇಳಿಸುವ ಕೆಲಸ ಅದು. ದಡ್ಡಿನ ಕೆಳಗೆ ಹುಣ್ಣು ಅಡಗಿರಬಹುದು, ಒತ್ತಿ ಕೊಯ್ದರೆ ರಕ್ತ, ಹೆದರಿ ಬಿಟ್ಟರೆ ಕೀವು ಒಳಗೇ ಉಳಿಯುತ್ತದೆ. ಅವಳ ಕೈ ಒಂದು ಕ್ಷಣ ತಡೆಯಿತು. ಪಕ್ಕದಲ್ಲಿ ನಿಂತಿದ್ದ ಅಧ್ಯಾಪಕರು ಬ್ಲೇಡ್ ಕಸಿದುಕೊಳ್ಳಲಿಲ್ಲ, ಕೋನ ಸ್ವಲ್ಪ ಮಲಗಿಸಿ ಎಂದರು ಅಷ್ಟೇ. ನಾನು ಶಾಲೆಯ ತಯಾರಿಯನ್ನು ಅಳೆಯುವುದು ಈ ಜಾಗದಲ್ಲಿ. ಅಧ್ಯಾಪಕರು ತಾವೇ ಮಾಡಿ ವಿದ್ಯಾರ್ಥಿಗಳನ್ನು ಸುತ್ತ ನಿಲ್ಲಿಸಿಕೊಳ್ಳುವ ಕ್ಲಿನಿಕ್‌ನಲ್ಲಿ ಕಣ್ಣು ಕಲಿಯುತ್ತದೆ, ಕೈ ಕಲಿಯುವುದಿಲ್ಲ. ವಿದ್ಯಾರ್ಥಿಯನ್ನು ಒಬ್ಬನೇ ಬಿಟ್ಟು ಸಹಿ ಹಾಕಲು ಮಾತ್ರ ಬರುವ ಕಡೆ ತಪ್ಪು ಅಭ್ಯಾಸಗಳು ಬೇರೂರುತ್ತವೆ.

ಆ ದಿನ ವಿದ್ಯಾರ್ಥಿಗಳನ್ನು ಕೇಳಬೇಕಾದ ಪ್ರಶ್ನೆಗಳು ಸರಳ. ವಾರಕ್ಕೆ ಎಷ್ಟು ರೋಗಿಗಳನ್ನು ನೀವೇ ಮೊದಲಿನಿಂದ ಕೊನೆಯವರೆಗೆ ನೋಡುತ್ತೀರಿ? ಒಬ್ಬ ರೋಗಿಗೆ ಎಷ್ಟು ವಿದ್ಯಾರ್ಥಿಗಳು? ಉಗುರು ಕತ್ತರಿಸುವುದು ಮತ್ತು ಆಣಿ ತೆಗೆಯುವುದರ ಆಚೆಗೆ ಏನು ಮಾಡಿದ್ದೀರಿ? ಶಸ್ತ್ರಚಿಕಿತ್ಸೆಯಲ್ಲಿ ಹೊಲಿಗೆ ಹಾಕಿದ್ದೀರಾ? ಮಕ್ಕಳ ಪಾದ, ಆಟಗಾರರ ಗಾಯ ನೋಡಲು ಸಿಗುತ್ತದೆಯೇ? ನ್ಯೂಯಾರ್ಕ್ ಶಾಲೆಯ ಪಾದ ಚಿಕಿತ್ಸಾ ಕೇಂದ್ರ ಹಾರ್ಲೆಮ್‌ನಲ್ಲಿದೆ, ಟೆಂಪಲ್ ಶಾಲೆಯದು ಫಿಲಡೆಲ್ಫಿಯಾ ನಗರದಲ್ಲಿದೆ. ಇಂಥ ಕಡೆ ರೋಗಿಗಳು ಶಾಲೆಯ ಬಾಗಿಲಿಗೇ ಬರುತ್ತಾರೆ. ಚಿಕ್ಕ ಊರಿನ ಶಾಲೆಗಳು ವಿದ್ಯಾರ್ಥಿಗಳನ್ನು ಬೇರೆ ಬೇರೆ ಆಸ್ಪತ್ರೆಗಳಿಗೆ ಕಳಿಸಿ ಆ ಕೊರತೆ ತುಂಬಿಕೊಳ್ಳುತ್ತವೆ. ಹಾಗೆ ಕಳಿಸುವಲ್ಲಿ ವಸತಿಯ ಖರ್ಚು ಯಾರದು ಎಂದೂ ಕೇಳಿ.

ಐದನೆಯ ಹೆಜ್ಜೆ: ನಾಲ್ಕನೆಯ ವರ್ಷದ ತಿಂಗಳುಗಳನ್ನು ಎಣಿಸಿ

ಇದನ್ನು ಹೆಚ್ಚಿನವರು ಕೇಳುವುದೇ ಇಲ್ಲ, ಆದರೆ ಭವಿಷ್ಯ ನಿರ್ಧಾರವಾಗುವುದು ಇಲ್ಲೇ. ನಾಲ್ಕನೆಯ ವರ್ಷದಲ್ಲಿ ವಿದ್ಯಾರ್ಥಿ ರೆಸಿಡೆನ್ಸಿ ಇರುವ ಆಸ್ಪತ್ರೆಗಳಿಗೆ ಹೋಗಿ ಒಂದೊಂದು ಕಡೆ ಒಂದು ತಿಂಗಳಂತೆ ಕೆಲಸ ಮಾಡುತ್ತಾರೆ. ಎಕ್ಸ್‌ಟರ್ನ್‌ಶಿಪ್ ಎನ್ನುವುದು ಅದನ್ನೇ. ನಿಜವಾದ ಸಂದರ್ಶನ ಆ ತಿಂಗಳು ಪೂರ್ತಿ ನಡೆಯುತ್ತದೆ. ಬೆಳಿಗ್ಗೆ ಬೇಗ ಬಂದು ರೋಗಿಗಳ ಗಾಯದ ಪಟ್ಟಿ ಬದಲಿಸುವವರು ಯಾರು, ಶಸ್ತ್ರಚಿಕಿತ್ಸೆಯ ಮೊದಲು ಓದಿಕೊಂಡು ಬರುವವರು ಯಾರು ಎಂಬುದನ್ನು ಅಲ್ಲಿನ ರೆಸಿಡೆಂಟ್‌ಗಳು ಗಮನಿಸುತ್ತಿರುತ್ತಾರೆ. ಔಪಚಾರಿಕ ಸಂದರ್ಶನ ಜನವರಿಯ ಹೊತ್ತಿಗೆ, ಯಾರಿಗೆ ಯಾವ ಆಸ್ಪತ್ರೆ ಎಂಬ ಫಲಿತಾಂಶ ಮಾರ್ಚ್‌ನಲ್ಲಿ.

ಹಾಗಾಗಿ ಪ್ರಶ್ನೆ ಇದು: ಜನವರಿಗೆ ಮುನ್ನ ಎಷ್ಟು ತಿಂಗಳು ನನ್ನ ಇಷ್ಟದ ಆಸ್ಪತ್ರೆಗೆ ಹೋಗಲು ಬಿಡುತ್ತೀರಿ, ಎಷ್ಟು ತಿಂಗಳು ನಿಮ್ಮ ಕ್ಲಿನಿಕ್‌ನಲ್ಲೇ ಇರಬೇಕು? ಒಂದೆರಡು ತಿಂಗಳ ವ್ಯತ್ಯಾಸವೂ ದೊಡ್ಡದು. ಜೊತೆಗೆ ಕಳೆದ ವರ್ಷದ ಪದವೀಧರರು ಸೇರಿದ ಆಸ್ಪತ್ರೆಗಳ ಪೂರ್ತಿ ಪಟ್ಟಿ ಕೇಳಿ. ಮೂರು ವರ್ಷದ ರೆಸಿಡೆನ್ಸಿಯಲ್ಲಿ ಹಿಮ್ಮಡಿ ಮತ್ತು ಕಣಕಾಲಿನ ಪುನಾರಚನಾ ಶಸ್ತ್ರಚಿಕಿತ್ಸೆಯ ತರಬೇತಿಯೂ ಸೇರಿದ್ದರೆ ಅದನ್ನು ಆರ್‌ಆರ್‌ಎ ಎಂದು ಗುರುತಿಸುತ್ತಾರೆ. ಆ ಅಕ್ಷರಗಳಿರುವ ಕಡೆಗಳಿಗೆ ಎಷ್ಟು ಮಂದಿ ಹೋದರು ಎಂದು ಎಣಿಸಿ. ಬಳಿಕ ಪಟ್ಟಿಯಲ್ಲಿರುವ ಒಂದಿಬ್ಬರು ರೆಸಿಡೆಂಟ್‌ಗಳಿಗೆ ಸಭ್ಯವಾಗಿ ಬರೆದು ಒಂದೇ ಪ್ರಶ್ನೆ ಕೇಳಿ: ಬೇರೆ ಶಾಲೆಗಳಿಂದ ಬಂದವರ ಪಕ್ಕ ನಿಂತಾಗ ನಿಮಗೆ ಯಾವುದು ಬರುತ್ತಿತ್ತು, ಯಾವುದು ಬರುತ್ತಿರಲಿಲ್ಲ? ಶಾಲೆಯೊಳಗಿನ ವಿದ್ಯಾರ್ಥಿಗೆ ಹೋಲಿಸಲು ಬೇರೆ ಶಾಲೆ ಗೊತ್ತಿರುವುದಿಲ್ಲ. ರೆಸಿಡೆಂಟ್‌ಗೆ ಗೊತ್ತಿರುತ್ತದೆ. ಈ ಒಂದು ಉತ್ತರಕ್ಕೆ ನಾನು ಯಾವ ಕರಪತ್ರಕ್ಕಿಂತಲೂ ಹೆಚ್ಚು ಬೆಲೆ ಕೊಡುತ್ತೇನೆ.

ಆರನೆಯ ಹೆಜ್ಜೆ: ಸಾಲದ ಲೆಕ್ಕ

ಬಹುತೇಕ ಖಾಸಗಿ ಶಾಲೆಗಳಲ್ಲಿ ಬೋಧನಾ ಶುಲ್ಕವೇ ವರ್ಷಕ್ಕೆ 40 ಸಾವಿರ ಡಾಲರ್ ದಾಟುತ್ತದೆ. ಮನೆ ಬಾಡಿಗೆ, ಊಟ, ಕಾರು, ಪರೀಕ್ಷಾ ಶುಲ್ಕ, ಎಕ್ಸ್‌ಟರ್ನ್‌ಶಿಪ್‌ನ ಓಡಾಟ ಬೇರೆ. ಅಮೆರಿಕದ ಪ್ರಜೆಗಳಾದ ಮಕ್ಕಳು ಇಲ್ಲಿಯವರೆಗೆ ಸರ್ಕಾರದ ಗ್ರ್ಯಾಡ್ ಪ್ಲಸ್ ಸಾಲದಿಂದ ಪೂರ್ತಿ ಖರ್ಚನ್ನು ತುಂಬಿಕೊಳ್ಳುತ್ತಿದ್ದರು. 2025ರ ಕಾಯ್ದೆಯ ಪ್ರಕಾರ 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ ಆ ಯೋಜನೆ ಇಲ್ಲ. ಪೋಡಿಯಾಟ್ರಿಯಂಥ ವೃತ್ತಿಪರ ಪದವಿಗಳಿಗೆ ವರ್ಷಕ್ಕೆ 50 ಸಾವಿರ, ಒಟ್ಟು 2 ಲಕ್ಷ ಡಾಲರ್ ಮಿತಿ. ದುಬಾರಿ ನಗರದ ದುಬಾರಿ ಶಾಲೆಗೆ ಇದು ಸಾಲದೆ ಖಾಸಗಿ ಬ್ಯಾಂಕಿನ ಬಾಗಿಲು ತಟ್ಟಬೇಕಾಗುತ್ತದೆ, ಅಲ್ಲಿ ಬಡ್ಡಿಯ ಜೊತೆ ಅಪ್ಪನದೋ ಅಮ್ಮನದೋ ಜಾಮೀನು ಸಹಿ ಕೇಳುತ್ತಾರೆ.

ಶಾಲೆಗಳು ಕೊಡುವ ವಿದ್ಯಾರ್ಥಿವೇತನದ ಷರತ್ತು ಓದಿ. ಮೊದಲ ವರ್ಷಕ್ಕೆ ಮಾತ್ರವೇ, ನಾಲ್ಕೂ ವರ್ಷಕ್ಕೇ? ಯಾವ ಸರಾಸರಿ ಅಂಕಕ್ಕಿಂತ ಇಳಿದರೆ ನಿಲ್ಲುತ್ತದೆ? ಓದು ಐದನೆಯ ವರ್ಷಕ್ಕೆ ಎಳೆದರೆ ಆ ವರ್ಷದ ಶುಲ್ಕವೆಷ್ಟು? ಎರಡನೆಯ ಹೆಜ್ಜೆಯ ಅಂಕಿಗಳು ಇಲ್ಲಿ ನೇರವಾಗಿ ಹಣವಾಗುತ್ತವೆ. ನಾಲ್ಕು ವರ್ಷದಲ್ಲಿ ಮುಗಿಸುವವರು ಕಡಿಮೆಯಿರುವ ಶಾಲೆಯ ಅಗ್ಗದ ಶುಲ್ಕ, ಕೊನೆಗೆ ಅಗ್ಗವಾಗಿ ಉಳಿಯುವುದಿಲ್ಲ.

ಏಳನೆಯ ಹೆಜ್ಜೆ: ಕರ್ನಾಟಕದಿಂದ ಹೋಗುವವರಿಗೆ

ಭಾರತದ ಪಾಸ್‌ಪೋರ್ಟ್ ಇರುವವರು ಇನ್ನೂ ಎರಡು ಮಾತು ತಿಳಿದಿರಬೇಕು. ಅಮೆರಿಕದ ಡಿಪಿಎಂ ಪದವಿ ಇಲ್ಲಿನ ಎಂಬಿಬಿಎಸ್‌ಗೆ ಸಮವಲ್ಲ. ಓದಿ ಮರಳಿ ಬಂದು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಶಸ್ತ್ರಚಿಕಿತ್ಸಕರಾಗಿ ಬೋರ್ಡು ಹಾಕಿಕೊಳ್ಳುವ ಯೋಚನೆಯಿದ್ದರೆ ಈ ದಾರಿ ಹಿಡಿಯಬೇಡಿ. ನಮ್ಮಲ್ಲಿ ಮಧುಮೇಹದ ಪಾದ ಚಿಕಿತ್ಸೆ ಮಾಡುವವರು ಎಂಬಿಬಿಎಸ್ ಮುಗಿಸಿ, ಬಹುಪಾಲು ಶಸ್ತ್ರಚಿಕಿತ್ಸೆಯಲ್ಲಿ ಎಂಎಸ್ ಮಾಡಿ, ಬಳಿಕ ಫೆಲೋಶಿಪ್ ಮೂಲಕ ಅದಕ್ಕೆ ಇಳಿದವರು.

ಎರಡನೆಯದು, ಅಮೆರಿಕ ಸರ್ಕಾರದ ಸಾಲ ವಿದೇಶಿ ವಿದ್ಯಾರ್ಥಿಗಳಿಗೆ ಸಿಗುವುದಿಲ್ಲ. ರೆಸಿಡೆನ್ಸಿಗೆ ವೀಸಾ ಕೊಡಿಸಲು ಎಲ್ಲ ಆಸ್ಪತ್ರೆಗಳೂ ಮುಂದೆ ಬರುವುದಿಲ್ಲ. ಶಾಲೆಯ ಪ್ರವೇಶ ಕಚೇರಿಗೆ ಬರೆದು, ಕಳೆದ ಐದು ವರ್ಷದಲ್ಲಿ ಎಷ್ಟು ವಿದೇಶಿ ವಿದ್ಯಾರ್ಥಿಗಳು ನಿಮ್ಮಲ್ಲಿ ಪದವಿ ಪಡೆದರು, ಅವರಲ್ಲಿ ಯಾರಿಗೆ ಯಾವ ಆಸ್ಪತ್ರೆ ಯಾವ ವೀಸಾದಲ್ಲಿ ಸ್ಥಾನ ಕೊಟ್ಟಿತು ಎಂದು ಕೇಳಿ. ಫೋನಿನಲ್ಲಿ ಬಂದ ಭರವಸೆ ಸಾಲದು. ಉತ್ತರ ಇಮೇಲ್‌ನಲ್ಲಿ ಬರಲಿ, ಅಲ್ಲಿಯವರೆಗೆ ಸೀಟು ಕಾಯ್ದಿರಿಸುವ ಮುಂಗಡ ಕಟ್ಟಬೇಡಿ.